ನಡುಬರ್ತಿನ ಧರ್ಮಸೂಕ್ಷ್ಮ

ಹಗಲಿನ ರೈಲುಪ್ರಯಾಣಕ್ಕೂ ಇರುಳಿನ ರೈಲುಪ್ರಯಾಣಕ್ಕೂ ಇರುವ ಅಂತರ ಬರಿಯ ಬೆಳಕು ಕತ್ತಲೆಗಳದಲ್ಲ. ಹಗಲಿನಲ್ಲಿ ನಾವು ಅಪರಿಚಿತರ ಪಕ್ಕದಲ್ಲಿ ಕುಳಿತಿರುತ್ತೇವೆ. ಇರುಳಿನಲ್ಲಿ ಅಪರಿಚಿತರ ನಡುವೆ ಮಲಗಿ ನಿದ್ರಿಸುತ್ತೇವೆ. ಮನೆಗೆ ಬಂದ ದೂರದ ನೆಂಟರೊಬ್ಬರಿಗೆ ಒಂದು ರಾತ್ರಿಯ ಮಟ್ಟಿಗೆ ಎಲ್ಲಿ ಹಾಸಿಗೆ ಹಾಸಿಕೊಡಬೇಕೆಂದು ಗಂಡಹೆಂಡಿರು ಅಡಿಗೆಮನೆಯಲ್ಲಿ ನಿಂತು ಪಿಸುಮಾತಿನಲ್ಲಿ ಚರ್ಚಿಸುವುದುಂಟು. ಹೆಣ್ಣುಮಕ್ಕಳ ಕೋಣೆ ಯಾವುದು, ಅಜ್ಜನ ಮಂಚ ಎಲ್ಲಿ, ನಡುಮನೆಯಾದರೆ ಬಚ್ಚಲಿಗೆ ಹೋಗುವ ದಾರಿ ಯಾವುದು, ಎಲ್ಲವನ್ನೂ ತೂಗಿ ನೋಡಬೇಕು. ಅಂಥ ಎಚ್ಚರಿಕೆಯ ಗೃಹಸ್ಥರೇ ಸ್ಲೀಪರ್ ಬೋಗಿಯನ್ನು ಹತ್ತಿದೊಡನೆ, ಹೆಸರು ಕುಲ ಊರು ಒಂದನ್ನೂ ಅರಿಯದ ಎಪ್ಪತ್ತು ಮಂದಿಯ ನಡುವೆ ಕಾಲು ಚಾಚಿ, ಬಾಯಿ ತೆರೆದು, ಗೊರಕೆ ಹೊಡೆಯತೊಡಗುತ್ತಾರೆ! ನಮ್ಮ ನಾಡಿನಲ್ಲಿ ಇಷ್ಟು ಸಲೀಸಾಗಿ ನಡೆಯುವ ಸಹವಾಸ ಇನ್ನೊಂದಿಲ್ಲ.

ಈ ಸಹವಾಸಕ್ಕೆ ಲೆಕ್ಕಾಚಾರವೂ ಉಂಟು. ಹಳೆಯ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತುಗಳು. ಈಚಿನ ಉದ್ದನೆಯ ಬೋಗಿಗಳಲ್ಲಿ 80. ಎರಡರಲ್ಲಿಯೂ ಎಂಟೆಂಟರ ಒಂದೊಂದು ಅಂಕಣ. ಎದುರುಬದುರಾಗಿ ಮೂರು ಮೂರು, ಓಣಿಯಾಚೆ ಕಿಟಕಿಯ ಮಗ್ಗುಲಿಗೆ ಎರಡು. ನಿಮ್ಮ ಬರ್ತಿನ ಸಂಖ್ಯೆಯನ್ನು ಎಂಟರಿಂದ ಭಾಗಿಸಿರಿ. ಶೇಷ ಒಂದು ಅಥವಾ ನಾಲ್ಕಾದರೆ ಕೆಳಬರ್ತು, ಎರಡು ಅಥವಾ ಐದಾದರೆ ನಡುಬರ್ತು, ಮೂರು ಅಥವಾ ಆರಾದರೆ ಮೇಲ್ಬರ್ತು. ಏಳು ಉಳಿದರೆ ಸೈಡ್ ಲೋವರ್. ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. ಅಲ್ಲಿ ಎತ್ತರದ ಆಳಿಗೆ ಕಾಲು ಚಾಚಲು ಸ್ಥಳವೂ ಉಳಿಯುವುದಿಲ್ಲ. ಗಣಿತದಲ್ಲಿ ನನ್ನ ವಿದ್ಯಾರ್ಥಿದೆಸೆಯ ಸಾಧನೆಯನ್ನು ಕುರಿತು ನಮ್ಮ ತಂದೆಯವರು ಇಂದಿಗೂ ಮಾತನಾಡುವುದಿಲ್ಲ. ಆದರೆ ಈ ಒಂದು ಭಾಗಾಕಾರದಲ್ಲಿ ನಾನು ಯಾರಿಗೂ ಸೋಲುವವನಲ್ಲ.

ಈ ಎಂಟರಲ್ಲಿ ನಡುಬರ್ತಿನ ಸ್ಥಿತಿ ವಿಚಿತ್ರವಾದುದು. ಹಗಲಿನಲ್ಲಿ ಅದು ಇಲ್ಲವೇ ಇಲ್ಲ. ಗೋಡೆಗೆ ಒರಗಿಕೊಂಡು, ಕುಳಿತವರ ಬೆನ್ನಿಗೆ ದಿಂಬಾಗಿರುತ್ತದೆ. ರಾತ್ರಿ ಅದನ್ನು ಎತ್ತಿ ಸರಪಳಿಗೆ ತಗುಲಿಹಾಕಿದಾಗ ಮಾತ್ರ ಅದಕ್ಕೆ ಜನ್ಮ. ಅದು ಹುಟ್ಟಿದ ಕ್ಷಣಕ್ಕೆ ಕೆಳಗೆ ಕುಳಿತಿದ್ದವರೆಲ್ಲ ತಲೆ ಬಗ್ಗಿಸಬೇಕು. ಆದುದರಿಂದ ಅದರ ಜನನಕಾಲವನ್ನು ನಿಯಮ ಮಾಡಿ ಗೊತ್ತುಪಡಿಸಿದ್ದಾರೆ. ಮೊದಲು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಇದ್ದುದನ್ನು 2017ರಲ್ಲಿ ಹತ್ತರಿಂದ ಆರರವರೆಗೆ ಎಂದು ತಿದ್ದಿದರು. ಅಸ್ವಸ್ಥರು, ಅಂಗವಿಕಲರು, ಗರ್ಭಿಣಿಯರು ಈ ಹೊತ್ತಿನ ಆಚೀಚೆ ಮಲಗಬಯಸಿದರೆ ಇತರರು ಸಹಕರಿಸತಕ್ಕದ್ದೆಂದೂ ಅದರಲ್ಲಿಯೇ ಹೇಳಿದ್ದಾರೆ. ಎಂಟೂವರೆಗೇ ಕಣ್ಣು ಕೂರುವ ವೃದ್ಧರು, ಹನ್ನೊಂದಾದರೂ ಸಿನಿಮಾ ಮುಗಿಯದ ತರುಣರು, ಒಂಬತ್ತೂವರೆಗೆ ಬುತ್ತಿಯ ಗಂಟು ಬಿಚ್ಚುವ ಕುಟುಂಬಸ್ಥರು, ಇವರೆಲ್ಲರ ನಡುವೆ ಒಂದು ಗಡಿಯಾರದ ಮುಳ್ಳು ನ್ಯಾಯಾಧೀಶನಾಗಿ ನಿಂತಿದೆ. ಒಂಬತ್ತು ಐವತ್ತೈದಕ್ಕೆ ನಡುಬರ್ತಿನವರು ಆಕಳಿಸುವ ರೀತಿಯನ್ನು ನೀವು ಗಮನಿಸಿರಬಹುದು. ಅದು ನಿದ್ದೆಯ ಆಕಳಿಕೆಯಲ್ಲ, ನೋಟೀಸು.

ಬರ್ತಿನ ಮೇಲಿನ ಮೆತ್ತೆಗೂ ಒಂದು ಚರಿತ್ರೆಯಿದೆ. ಮೂರನೆಯ ದರ್ಜೆಯೆಂಬ ಹೆಸರು 1974ರಲ್ಲಿ ಹೋಗಿ ಅದು ಎರಡನೆಯ ದರ್ಜೆಯಾಯಿತಷ್ಟೆ. ಮಲಗುವ ಹಲಗೆ ಮಾತ್ರ ಹಲಗೆಯಾಗಿಯೇ ಉಳಿದಿತ್ತು. ಹೋಲ್ಡಾಲಿಲ್ಲದೆ ಆ ಕಾಲದಲ್ಲಿ ಯಾರೂ ಪ್ರಯಾಣ ಹೊರಡುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಬರಿಯ ಮರದ ಮೇಲೆ ರಾತ್ರಿಯೆಲ್ಲ ಕುಲುಕಿಸಿಕೊಂಡು ಬಂದವರ ಬೆನ್ನಿಗೆ ಅದರ ಕಾರಣ ಗೊತ್ತು. 1977ರಲ್ಲಿ ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದರು. ಆ ವರ್ಷದ ಡಿಸೆಂಬರ್ 26ರಂದು ಹೌರಾ–ಬೊಂಬಾಯಿಗಳ ನಡುವೆ ಹೊರಟ ಗೀತಾಂಜಲಿ ಎಕ್ಸ್‌ಪ್ರೆಸ್ಸಿನಲ್ಲಿ ಮೇಲ್ದರ್ಜೆಯೆಂಬುದೇ ಇರಲಿಲ್ಲ. ಎರಡನೆಯ ದರ್ಜೆಯ ಬರ್ತಿಗೆ ಎರಡಂಗುಲದ ಮೆತ್ತೆ ಬಂದದ್ದು ಅವರ ಕಾಲದಲ್ಲಿ. ದಂಡವತೆಯವರು ಮೊದಲು ಬೊಂಬಾಯಿಯ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದವರು. ಅಧ್ಯಾಪಕವರ್ಗದಿಂದ ದೇಶಕ್ಕೇನು ಲಾಭವಾಯಿತೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಹೇಳುವುದು ಈ ಎರಡಂಗುಲವನ್ನು. ಕನ್ನಡ ಅಧ್ಯಾಪಕರ ಕೊಡುಗೆಯೇನೆಂದು ಮುಂದುವರಿದು ಕೇಳದಿದ್ದರೆ ಸಾಕು.

ಒಂದು ಸುಖ ಮಾತ್ರ ಕಳೆದುಹೋಯಿತು. ಗಾಡಿ ಹೊರಡುವ ಮುನ್ನ ಬೋಗಿಯ ಬಾಗಿಲ ಪಕ್ಕದಲ್ಲಿ ಚಾರ್ಟು ಅಂಟಿಸುತ್ತಿದ್ದರಲ್ಲ, ಅದರ ಮುಂದೆ ನಿಂತು ನಮ್ಮ ಹೆಸರನ್ನು ಹುಡುಕುವ ನೆವದಲ್ಲಿ ನೆರೆಯವರ ಹೆಸರು, ವಯಸ್ಸು, ಇಳಿಯುವ ಊರು ಎಲ್ಲವನ್ನೂ ಓದಿಕೊಳ್ಳಬಹುದಾಗಿತ್ತು. ನಾಲ್ಕನೆಯ ಬರ್ತಿನ ಎಪ್ಪತ್ತೆರಡರ ವೃದ್ಧರು ಕೆಮ್ಮುವರೋ, ಆರನೆಯ ಬರ್ತಿನ ಇಪ್ಪತ್ತರ ತರುಣ ಹಾಡುವನೋ ಎಂದು ಮೊದಲೇ ಮನಸ್ಸನ್ನು ಸಿದ್ಧಮಾಡಿಕೊಳ್ಳಲು ಅನುಕೂಲವಿತ್ತು. 2018ರಿಂದ ದೊಡ್ಡ ನಿಲ್ದಾಣಗಳಲ್ಲಿ ಚಾರ್ಟು ಅಂಟಿಸುವುದನ್ನು ಕೈಬಿಟ್ಟರು. ಈಗ ಟಿಕೆಟ್ ಪರೀಕ್ಷಕರ ಕೈಯ ಯಂತ್ರವೊಂದಕ್ಕೆ ಮಾತ್ರ ನಮ್ಮೆಲ್ಲರ ಜಾತಕ ಗೊತ್ತು. ಕಾಗದ ಉಳಿಯಿತು, ನಿಜ. ಆದರೆ ಅಂಕಣದಲ್ಲಿ ಈಗ ಎಲ್ಲರೂ ಎಲ್ಲರಿಗೂ ಬರಿಯ ಸಂಖ್ಯೆ. ಕಳೆದ ತಿಂಗಳು ನಾನು ಕಂಡ ಒಂದು ವ್ಯವಹಾರಕ್ಕೆ ಇದೂ ಸ್ವಲ್ಪ ಕಾರಣವಿರಬಹುದು.

ನಾವು ಮೈಸೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬಾಗಲಕೋಟೆಗೆ ಹೊರಟಿದ್ದೆವು. ಅದು ನನ್ನ ಮನೆಯಾಕೆಯ ತವರು. ಆಕೆಗೂ ನಾಲ್ಕು ವರ್ಷದ ಮಗನಿಗೂ ನಾಲ್ಕನೆಯ ಬರ್ತು, ಕೆಳಗಿನದು. ನನಗೆ ಅದರ ಮೇಲಿನ ನಡುಬರ್ತು. ಮದ್ದೂರಿನ ವಡೆ ಮುಗಿಯುವುದಕ್ಕೂ ಬೆಂಗಳೂರು ಬರುವುದಕ್ಕೂ ಸರಿಹೋಯಿತು. ಅಲ್ಲಿ ಅಂಕಣ ತುಂಬಿತು. ಎದುರಿನ ಒಂದನೆಯ ಬರ್ತಿಗೆ ಒಬ್ಬಳೇ ಬಂದ ತರುಣಿ, ಹುಬ್ಬಳ್ಳಿಗೆ. ಓಣಿಯಾಚೆಯ ಏಳನೆಯ ಬರ್ತಿಗೆ ಅರುವತ್ತರ ಆಸುಪಾಸಿನ ಮಹನೀಯರೊಬ್ಬರು. ಬಂದೊಡನೆ ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿಟ್ಟು, ಪೆಟ್ಟಿಗೆಗೆ ಸರಪಳಿ ಬಿಗಿದು, ಬೀಗವನ್ನು ಮೂರು ಸಲ ಎಳೆದು ನೋಡಿದವರು. ಕಡೆಗೆ, ಗಾಡಿ ಹೊರಡಲು ಐದು ನಿಮಿಷವಿರುವಾಗ, ವಾಕರ್ ಹಿಡಿದ ಒಬ್ಬ ವೃದ್ಧೆಯನ್ನು ಮಗ ಮೆಲ್ಲಮೆಲ್ಲನೆ ನಡೆಸಿಕೊಂಡು ಬಂದ. ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಾಗಲಕೋಟೆಯ ಕಡೆಯ ಹಳ್ಳಿಗೆ ಹಿಂದಿರುಗುತ್ತಿದ್ದವರು. ಅವರ ಬರ್ತುಗಳು ಎರಡು ಮತ್ತು ಮೂರು: ಒಂದು ನಡು, ಒಂದು ಮೇಲೆ!

ಹಿರಿಯರಿಗೆ ಕೆಳಬರ್ತನ್ನು ಕಾದಿರಿಸುವ ಏರ್ಪಾಡು ಇಲ್ಲವೆ ಎಂದು ನೀವು ಕೇಳುವಿರಿ. ಇದೆ. ಸ್ಲೀಪರಿನ ಪ್ರತಿ ಬೋಗಿಯಲ್ಲಿ ಆರೇಳು ಕೆಳಬರ್ತುಗಳು ಅರುವತ್ತು ದಾಟಿದ ಗಂಡಸರಿಗೆ, ನಲವತ್ತೈದು ದಾಟಿದ ಹೆಂಗಸರಿಗೆ, ಗರ್ಭಿಣಿಯರಿಗೆ ಮೀಸಲು. ಆದರೆ ಒಬ್ಬರೇ ಹೊರಟಿರಬೇಕು, ಇಲ್ಲವೆ ಒಂದೇ ಟಿಕೆಟ್ಟಿನಲ್ಲಿ ಹೊರಟ ಇಬ್ಬರೂ ಅಂಥವರೇ ಆಗಿರಬೇಕು. ಜೊತೆಯಲ್ಲಿ ತರುಣನೊಬ್ಬನ ಹೆಸರು ಸೇರಿತೋ, ಯಂತ್ರ ಆ ಮೀಸಲನ್ನು ಪರಿಗಣಿಸುವುದೇ ಇಲ್ಲ. ತಾಯಿಯನ್ನು ಒಬ್ಬಂಟಿಯಾಗಿ ಕಳುಹಿಸಿದ್ದರೆ ಆಕೆಗೆ ಕೆಳಬರ್ತು ದೊರೆಯುವ ಸಂಭವವಿತ್ತು. ಮಗ ಜೊತೆಗೆ ಬಂದುದರಿಂದ ನಡುಬರ್ತು ದೊರೆಯಿತು. ಜೊತೆಗಿರುವ ಮಗ ನೋಡಿಕೊಳ್ಳುತ್ತಾನೆಂಬುದು ನಿಯಮದ ಎಣಿಕೆಯಿರಬೇಕು. ಆದರೆ ಎಂಥ ಸುಪುತ್ರನೂ ಶಸ್ತ್ರಚಿಕಿತ್ಸೆಯಾದ ತಾಯಿಯನ್ನು ನಡುಬರ್ತಿಗೆ ಎತ್ತಿ ಮಲಗಿಸಲಾರ. ಬೇರೆ ಬೇರೆ ಟಿಕೆಟ್ಟು ಮಾಡಿಸಬೇಕೆಂಬ ಯುಕ್ತಿ ಬಲ್ಲವರು ಬಲ್ಲರು. ಆ ಹುಡುಗನಿಗೆ ಅದನ್ನು ಹೇಳಿದವರಿರಲಿಲ್ಲ.

ಅವನು ಮೊದಲು ನಮ್ಮ ಕಡೆ ನೋಡಿದ. ಮನೆಯಾಕೆಯ ತೊಡೆಯ ಮೇಲೆ ಮಗು ಮಲಗಿತ್ತು. ಏನೂ ಹೇಳದೆ ಎದುರಿನ ತರುಣಿಯತ್ತ ತಿರುಗಿ, "ಅಕ್ಕಾರ, ನಮ್ಮ ಅವ್ವಗ ಕಾಲಿನ ಆಪರೇಶನ್ ಆಗೇತ್ರಿ. ನೀವು ಮ್ಯಾಲಿನ ಸೀಟಿಗೆ ಹೋದ್ರ ಭಾಳ ಉಪಕಾರ ಆಗ್ತೇತ್ರಿ" ಎಂದ.

ಆಕೆ ಒಂದು ಕ್ಷಣ ಸುಮ್ಮನಿದ್ದು, "ಕ್ಷಮಿಸಿ, ನನ್ನಿಂದ ಆಗುವುದಿಲ್ಲ" ಎಂದಳು. ಕಾರಣ ಹೇಳಲಿಲ್ಲ. ದನಿಯಲ್ಲಿ ಒರಟುತನವೂ ಇರಲಿಲ್ಲ.

ಅಂಕಣದ ಗಾಳಿ ಬದಲಾಯಿತು. ಏಳನೆಯ ಬರ್ತಿನ ಮಹನೀಯರು ಕಿಟಕಿಯ ಕಡೆ ಮುಖ ಮಾಡಿ, ಆದರೆ ನಮಗೆಲ್ಲ ಕೇಳುವಂತೆ, "ಈಗಿನ ಕಾಲದ ಹೆಣ್ಣುಮಕ್ಕಳಿಗೆ ದಯೆ ದಾಕ್ಷಿಣ್ಯ ಎಂಬುದೇ ಇಲ್ಲ. ಓದಿದಷ್ಟೂ ಹೃದಯ ಕಲ್ಲಾಗುತ್ತದೆ. ನಮ್ಮ ಕಾಲದಲ್ಲಾಗಿದ್ದರೆ..." ಎಂದು ಆರಂಭಿಸಿ, ಸಂಸ್ಕಾರ, ಸಂಸ್ಕೃತಿ, ಕೂಡುಕುಟುಂಬಗಳ ಮೇಲೆ ಒಂದು ಚಿಕ್ಕ ಉಪನ್ಯಾಸವನ್ನೇ ಕೊಟ್ಟರು. ಆರನೆಯ ಬರ್ತಿನ ಔಷಧಿ ಕಂಪನಿಯ ತರುಣ ಕಿವಿಯ ಯಂತ್ರವನ್ನು ತೆಗೆದು ತಲೆಯಾಡಿಸಿ ಮತ್ತೆ ತಗುಲಿಸಿಕೊಂಡ. ತರುಣಿ ತನ್ನ ಚೀಲವನ್ನು ತೊಡೆಯ ಮೇಲೆಳೆದುಕೊಂಡು ತಲೆ ತಗ್ಗಿಸಿದಳು.

ಆಗ ಬಾಯಿ ತೆರೆದವಳು ಆ ವೃದ್ಧೆಯೇ. "ಇರ್ಲಿ ಬಿಡೋ ತಮ್ಮಾ. ಆಕಿ ರೊಕ್ಕಾ ಕೊಟ್ಟು ಹಿಡದ ಜಾಗಾ ಅದು. ಆಕಿಗೆ ಏನ್ ತ್ರಾಸೈತೋ ಏನೋ. ನಾ ಕುಂತs ಬರ್ತೀನಿ, ಒಂದು ರಾತ್ರಿ ಏನ್ ಮಹಾ" ಎಂದಳು. ಕುಳಿತು ಬರುವುದೆಂದರೆ ಮಡಚಲಾಗದ ಕಾಲನ್ನು ಹನ್ನೆರಡು ಗಂಟೆ ನೀಡಿಕೊಂಡಿರುವುದು!

ನನ್ನ ಮನೆಯಾಕೆ ಬಾಗಲಕೋಟೆಯವಳಷ್ಟೆ. ಏಳನೆಯ ಬರ್ತಿನವರತ್ತ ನೇರವಾಗಿ ನೋಡಿ, ಆದರೆ ಬಹಳ ವಿನಯದಿಂದ, "ನಿಮ್ಮದೂ ಕೆಳಗಿನ ಸೀಟೇ ಅಲ್ವೇನ್ರಿ, ಕಾಕಾ?" ಎಂದಳು.

ಓದುಗರೇ, ಬೋಗಿಯಲ್ಲಿದ್ದ ನಾವು ಯಾರೂ ಅಲ್ಲಿಯವರೆಗೆ ಈ ಭಾಗಾಕಾರವನ್ನು ಮಾಡಿರಲಿಲ್ಲ. ಅಂಕಣದಲ್ಲಿ ಕೆಳಬರ್ತುಗಳಿದ್ದುದು ಎರಡಲ್ಲ, ಮೂರು. ಧರ್ಮದ ಮಾತನಾಡುತ್ತಿದ್ದವರು ಮೂರನೆಯದರ ಮೇಲೆಯೇ ಕುಳಿತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ಕೇಳಬಹುದೆಂದು ಯಾರಿಗೂ, ಆ ಹುಡುಗನಿಗೂ, ತೋಚಿರಲಿಲ್ಲ. ಒಂಟಿ ಹೆಣ್ಣುಮಗಳನ್ನು ಕೇಳುವುದು ಸುಲಭ. ಆಕೆ ಕೊಡುತ್ತಾಳೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಕೊಡದಿದ್ದರೆ ಹೃದಯ ಕಲ್ಲಾಗಿರುತ್ತದೆ. ಮಹನೀಯರು ತಮ್ಮ ಸೊಂಟನೋವು, ರಕ್ತದೊತ್ತಡ, ರಾತ್ರಿ ನಾಲ್ಕು ಸಲ ಏಳಬೇಕಾದ ಅಗತ್ಯ ಎಲ್ಲವನ್ನೂ ವಿವರಿಸಿದರು. ಅವೆಲ್ಲ ನಿಜವೇ ಇರಬೇಕು. ಅವನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವಾಗಲಿಲ್ಲ, ಅಷ್ಟೆ. ಹೇಳಿಕೊಳ್ಳಲಾಗದ ಕಾರಣಗಳೂ ಲೋಕದಲ್ಲುಂಟೆಂದು, ಎಂಟು ಮಂದಿ ಗಂಡಸರು ಹೆಂಗಸರ ಮುಂದೆ ತರುಣಿಯೊಬ್ಬಳು ಬಿಡಿಸಿ ಹೇಳಲಾರದ ಸಂಗತಿಗಳು ಎಷ್ಟೋ ಇರುತ್ತವೆಂದು ಮನೆಯಾಕೆ ಆಮೇಲೆ ನನಗೆ ಮೆಲುದನಿಯಲ್ಲಿ ಹೇಳಿದಳು.

ಬಿಕ್ಕಟ್ಟು ಬಿಡಿಸಿದವನು ಪಕ್ಕದ ಅಂಕಣದ ಹುಡುಗ. ಅವನು ದಾವಣಗೆರೆಯವನು, ಅವನದು ಒಂಬತ್ತನೆಯ ಬರ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದನೆಂದು ತೋರುತ್ತದೆ. ಓಣಿಗೆ ಬಂದು ನಿಂತು, "ಅಜ್ಜಿ, ನನ್ ಸೀಟು ಕೆಳಗಿನ್ದೇ ಇದೆ, ಬನ್ನಿ. ನಾನು ಎಲ್ ಮಲಗಿದ್ರೂ ನಡೆಯುತ್ತೆ" ಎಂದು ವಾಕರನ್ನು ಎತ್ತಿಕೊಂಡು ಹೊರಟೇಬಿಟ್ಟ. ವೃದ್ಧೆ ಒಂಬತ್ತಕ್ಕೆ ಹೋದಳು. ಅವನು ಎರಡಕ್ಕೆ ಬಂದ. ತುಮಕೂರು ದಾಟುವ ಹೊತ್ತಿಗೆ ಆಕೆಯ ಗಂಟಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಅಂಕಣಕ್ಕೆ ಬಂದವು. ಕಳುಹಿಸಿದ ಪಾಲುಗಳಲ್ಲಿ ಒಂದು ಆ ತರುಣಿಗೂ ಒಂದು ಏಳನೆಯ ಬರ್ತಿಗೂ ಇತ್ತು.

ಇಲ್ಲಿಗೆ ಕತೆ ಮುಗಿಯಿತೆಂದುಕೊಂಡವರು ರೈಲಿನಲ್ಲಿ ಬರ್ತು ಬದಲಿಸಿಕೊಂಡು ಬಲ್ಲವರಲ್ಲ. ನಾವು ನಾವು ಬದಲಿಸಿಕೊಂಡದ್ದು ಯಂತ್ರಕ್ಕೆ ಗೊತ್ತಿಲ್ಲ. ದಾವಣಗೆರೆಯವನು ದಾವಣಗೆರೆಯಲ್ಲಿಳಿದರೆ ಅಲ್ಲಿಂದ ಮುಂದಕ್ಕೆ ಖಾಲಿಯಾಗುವುದು ಕಾಗದದ ಮೇಲಿನ ಒಂಬತ್ತು. ಅದನ್ನು ಆಗಲೇ ಇನ್ನೊಬ್ಬರಿಗೆ ಮಾರಿರುತ್ತಾರೆ. ನಡುರಾತ್ರಿ ಗಾಡಿ ದಾವಣಗೆರೆಯಲ್ಲಿ ನಿಂತಾಗ ಹಾಗೆಯೇ ಆಯಿತು. ಕೈಚೀಲ ಹಿಡಿದು ಹತ್ತಿದವರೊಬ್ಬರು ಮೊಬೈಲಿನ ಬೆಳಕನ್ನು ವೃದ್ಧೆಯ ಮುಖಕ್ಕೆ ಬಿಟ್ಟು, "ಯಾರ್ರೀ ಇದು, ನನ್ನ ಸೀಟಿನಲ್ಲಿ?" ಎಂದರು. ಮಗ ಮೇಲಿನಿಂದ ಧುಮುಕಿ, ಕೈಮುಗಿದು ನಿಂತುಕೊಂಡು ಹೇಳಬೇಕಾದುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಬೆಳಕು ವೃದ್ಧೆಯ ಮುಖದಿಂದ ಕಾಲಿನ ಕಟ್ಟಿಗೆ ಇಳಿಯಿತು. ಅಲ್ಲಿ ತುಸುಹೊತ್ತು ನಿಂತು ಆರಿಹೋಯಿತು. "ಎರಡನೇ ನಂಬರ್ ಎಲ್ಲಿದೆ ತೋರಿಸಪ್ಪ. ನಾನು ಗದಗಿನಲ್ಲಿ ಇಳೀಬೇಕು, ನಿದ್ದೆ ಹತ್ತಿಬಿಟ್ರೆ ಎಬ್ಬಿಸು" ಎಂದು ಆತ ನಡುಬರ್ತನ್ನೇರಿದರು. ಅವರು ಹಕ್ಕು ಸಾಧಿಸಿದ್ದರೆ ನಿಯಮ ಅವರ ಪಕ್ಷದಲ್ಲಿತ್ತು. ಪರೀಕ್ಷಕರೂ ಏನೂ ಮಾಡುವಂತಿರಲಿಲ್ಲ. ಖಾಲಿ ಉಳಿದ ಕೆಳಬರ್ತನ್ನು ಅಶಕ್ತರಿಗೆ ಕೊಡಲು ಅವರಿಗೆ ಅಧಿಕಾರವುಂಟು, ಮಾರಿದ ಬರ್ತನ್ನಲ್ಲ. ಆದುದರಿಂದ ಬದಲಿಸಿಕೊಳ್ಳುವವರು ಪರಸ್ಪರ ಇಳಿಯುವ ಊರನ್ನು ಮೊದಲು ಕೇಳಿಕೊಳ್ಳುವುದು ಮೇಲು. ಪರೀಕ್ಷಕರ ಕಿವಿಗೂ ಒಂದು ಮಾತು ಹಾಕಿರಬೇಕು.

ಹುಬ್ಬಳ್ಳಿಯಲ್ಲಿ ತರುಣಿ ಇಳಿದಳು. ಇನ್ನೂ ಕತ್ತಲೆ. ನಾನು ಎಚ್ಚರವಾಗಿದ್ದೆ, ನಡುಬರ್ತಿನಲ್ಲಿ ಎದ್ದು ಕೂರುವಂತಿಲ್ಲ, ಮಗ್ಗುಲು ಬದಲಿಸಿದರೆ ಕೆಳಗಿನವರಿಗೆ ಎಚ್ಚರ, ಹೀಗಾಗಿ ಎಚ್ಚರವಿದ್ದರೂ ಹೆಣದಂತೆ ಬಿದ್ದಿರಬೇಕು. ಆಕೆ ಬರ್ತನ್ನು ಹಿಡಿದುಕೊಂಡು ನಿಧಾನವಾಗಿ ಎದ್ದು, ಓಣಿಯಲ್ಲಿ ಅಡ್ಡಬಿದ್ದಿದ್ದ ವಾಕರನ್ನು ಸದ್ದಾಗದಂತೆ ಒರಗಿಸಿಟ್ಟು ಹೋದಳು. ಆಕೆ ಏಕೆ ಒಲ್ಲೆನೆಂದಳೋ ನಮಗೆ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಬೆಳಗ್ಗೆ ಏಳನೆಯ ಬರ್ತಿನವರು ಚಹ ಕುಡಿಯುತ್ತ ವೃದ್ಧೆಯ ಮಗನಿಗೆ, "ನೋಡಿದೆಯಾ, ದೇವರು ಹೇಗೆ ದಾರಿ ತೋರಿಸಿದ!" ಎಂದು ಹೇಳುತ್ತಿದ್ದುದನ್ನು ಕೇಳಿದೆ. ಅವರಿಗೆ ರಾತ್ರಿ ಒಳ್ಳೆಯ ನಿದ್ದೆ ಬಂದಿತ್ತು. ನಾಲ್ಕು ಸಲ ಎದ್ದುದನ್ನು ನಾನಂತೂ ಕಾಣೆ.

ಈ ಕಾಲದಲ್ಲಿ ಸ್ಲೀಪರಿನಲ್ಲಿ ಹೋಗುವಿರಾ, ಮಗುವನ್ನು ಕಟ್ಟಿಕೊಂಡು, ಎಂದು ನನ್ನ ಸಹೋದ್ಯೋಗಿಗಳು ಕೇಳುವುದುಂಟು. ಅನುಕೂಲಸ್ಥರು ಹವಾನಿಯಂತ್ರಿತ ಬೋಗಿಗೆ ಸರಿದಿದ್ದಾರೆ. ಅಲ್ಲಿ ಹಾಸಿಗೆ ಹೊದಿಕೆಗಳನ್ನು ರೈಲಿನವರೇ ಕೊಡುತ್ತಾರೆ, ಧೂಳಿಲ್ಲ, ಕಡಲೆಕಾಯಿ ಮಾರುವವನ ಕೂಗೂ ಇಲ್ಲ. ಅವಸರದವರಿಗೆ ಹಗಲಿನ ವೇಗದ ಗಾಡಿಗಳಿವೆ; 2023ರ ಜೂನಿನಲ್ಲಿ ಬೆಂಗಳೂರು–ಧಾರವಾಡಗಳ ನಡುವೆ ವಂದೇ ಭಾರತ್ ಆರಂಭವಾಯಿತು, ಅದರಲ್ಲಿ ಕುಳಿತೇ ಹೋಗತಕ್ಕದ್ದು. ಇವೆಲ್ಲ ಬೇಕಾದುವೇ. ಆದರೆ ವಿಜಯಪುರ, ಬಾಗಲಕೋಟೆ, ಗದಗಗಳಿಂದ ಬೆಂಗಳೂರಿನ ಕಿದ್ವಾಯಿಗೋ ನಿಮ್ಹಾನ್ಸಿಗೋ ಜಯದೇವಕ್ಕೋ ರೋಗಿಯನ್ನು ಕರೆದುತರುವವರ ಲೆಕ್ಕ ಬೇರೆ. ರಾತ್ರಿ ಗಾಡಿಯಲ್ಲಿ ಬಂದು, ಬೆಳಗ್ಗೆ ಚೀಟಿ ಮಾಡಿಸಿ, ಸಂಜೆಯ ಗಾಡಿಗೆ ಹಿಂದಿರುಗಿದರೆ ಎರಡು ರಾತ್ರಿಯ ಲಾಡ್ಜಿನ ಬಾಡಿಗೆ ಉಳಿಯುತ್ತದೆ. ಉದ್ಯೋಗದ ಪರೀಕ್ಷೆಗೆ ಬರುವ ಹುಡುಗರದೂ ಇದೇ ದಾರಿ. ಅವರ ಮಟ್ಟಿಗೆ ಸ್ಲೀಪರ್ ಬೋಗಿ ವಾಹನವಷ್ಟೇ ಅಲ್ಲ, ಛತ್ರ. ಒಂದು ಗಾಡಿಯಲ್ಲಿ ಇಂಥ ಒಂದು ಬೋಗಿ ಕಡಮೆಯಾದರೆ ಕಡಮೆಯಾಗುವುದು 72 ಆಸನಗಳಲ್ಲ, 72 ಹಾಸಿಗೆಗಳು. ನಮ್ಮ ಅಂಕಣದ ವೃದ್ಧೆ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳಂತೆ. ಮಗ ಮಲಗಿದ್ದು ಹೊರಗಿನ ಜಗಲಿಯಲ್ಲಿ. ಅಂದು ರಾತ್ರಿ ಮೇಲ್ಬರ್ತಿನಲ್ಲಿ ಬೆನ್ನು ನೀಡಿದೊಡನೆ ಅವನು ಕಣ್ಣು ಮುಚ್ಚಿದ. ತಾಯಿ ಪಕ್ಕದ ಅಂಕಣದಿಂದ ಎರಡು ಸಲ ಕರೆದಾಗಲೂ ಎದ್ದು ನೀರು ಕೊಟ್ಟವಳು ನನ್ನ ಮನೆಯಾಕೆ.

ಈ ಸಾಲುಗಳನ್ನು ಬಾಗಲಕೋಟೆಯ ಮಾವನವರ ಮನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಹಿಂದಿರುಗುವ ಟಿಕೆಟ್ಟನ್ನು ತಡವಾಗಿ ಮಾಡಿಸಿದುದರಿಂದ ಮನೆಯಾಕೆಗೂ ಮಗುವಿಗೂ 22, ಅಂದರೆ ಮೇಲ್ಬರ್ತು. ನನಗೆ ಆರ್.ಎ.ಸಿ., 23ರ ಅರ್ಧಭಾಗ. ಎಂದರೆ ಪೂರ್ತಿ ದರಕ್ಕೆ ಅರ್ಧ ಹಾಸಿಗೆ. ಉಳಿದರ್ಧದ ಒಡೆಯರು ಯಾರೋ, ಅವರ ಕಾಲು ಎಷ್ಟುದ್ದವೋ! ನಾಲ್ಕು ವರ್ಷದ ಮಗು ಮೇಲ್ಬರ್ತಿನಿಂದ ಉರುಳೀತೆಂಬ ಭಯಕ್ಕೆ ಈ ಸಲ ಕೆಳಗಿನವರನ್ನು ಕೇಳುವ ಸರದಿ ನಮ್ಮದು. ಯಾರನ್ನು ಮೊದಲು ಕೇಳಬೇಕು, ಹೇಗೆ ಕೇಳಬೇಕು, ಅವರು ಆಗದೆಂದರೆ ಮುಖವನ್ನು ಹೇಗಿಟ್ಟುಕೊಳ್ಳಬೇಕು ಎಂದು ಮನೆಯಾಕೆ ನನಗೆ ನಿನ್ನೆಯಿಂದ ಪಾಠ ಹೇಳುತ್ತಿದ್ದಾಳೆ.